ಬೇಡಲು ಬಂದಿಲ್ಲ, ಕೂರಲು ಬಂದಿದ್ದೇನೆ

ನಾನು ಗುಣವಾಗಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಾಯಿಲೆಯ ಬಗ್ಗೆ ಯಾರಾದರೂ ಬರೆದರೆ ಕೊನೆಯಲ್ಲಿ ಗುಣವಾದ ಸುದ್ದಿ ಇರುತ್ತದೆ ಎಂದು ಜನ ಕಾಯುತ್ತಾರೆ. ನಮ್ಮ ಚರ್ಚಿನ ಸಭೆಯಲ್ಲಂತೂ ಅದಕ್ಕೆ 'ಸಾಕ್ಷಿ' ಎಂಬ ಹೆಸರೇ ಇದೆ. ನನ್ನದು ಆ ಬಗೆಯ ಸಾಕ್ಷಿಯಲ್ಲ. ನನ್ನ ಎರಡೂ ಕಿಡ್ನಿಗಳು ಕೆಲಸ ನಿಲ್ಲಿಸಿವೆ. ಮತ್ತೆ ಶುರು ಮಾಡುವ ಇರಾದೆ ಅವಕ್ಕಿಲ್ಲ. ಬುಧವಾರ ಮತ್ತು ಶನಿವಾರ ತರೀಕೆರೆಯ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಮಿಷನ್ನಿನ ಪಕ್ಕ ಮಲಗುತ್ತೇನೆ. ರಕ್ತ ಹೊರಗೆ ಹೋಗಿ, ಶುದ್ಧವಾಗಿ, ಒಳಗೆ ಬರುತ್ತದೆ. ಉಳಿದ ದಿನ ಯಗಟಿ ಕಡೆಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಕೊರಳಲ್ಲಿ ಸೀಟಿ ಇದೆ, ಗಂಟಲಲ್ಲಿ ದನಿ ಇದೆ. ಇವೆರಡನ್ನೂ ಕಾಯಿಲೆ ಮುಟ್ಟಿಲ್ಲ.

ನನ್ನ ಹೆಸರು ಎಸ್ತರ್. ಮನೆ ಕಡೂರಿನಲ್ಲಿ. ನಮ್ಮ ಮನೆಯವರು ಟ್ರಾಕ್ಟರ್, ಟಿಲ್ಲರ್ ರಿಪೇರಿಯ ಗ್ಯಾರೇಜ್ ಇಟ್ಟುಕೊಂಡಿದ್ದಾರೆ. ಜೊತೆಗೆ ಅವರ ತಾಯಿ, ನನ್ನ ಅತ್ತೆ. ಅವರ ಹೆಸರು ಸಮಾಧಾನಮ್ಮ. ಹೆಸರಿಗೂ ಅವರ ಸ್ವಭಾವಕ್ಕೂ ಯಾವ ಸಂಬಂಧವೂ ಇಲ್ಲವೆಂದು ಬೀದಿಗೆಲ್ಲ ಗೊತ್ತು. ಮನೆಯಲ್ಲಿ ಇರುವುದು ನಾವು ಮೂವರೇ.

ಕಾಯಿಲೆ ಗೊತ್ತಾದದ್ದು ಬೂಟಿನಿಂದ. ತಾಲ್ಲೂಕು ಕ್ರೀಡಾಕೂಟಕ್ಕೆ ನಮ್ಮ ಹೆಣ್ಣುಮಕ್ಕಳ ಖೋಖೋ ತಂಡವನ್ನು ತಯಾರು ಮಾಡುತ್ತಿದ್ದೆ. ಒಂದು ಬೆಳಿಗ್ಗೆ ಕ್ಯಾನ್ವಾಸ್ ಬೂಟಿನೊಳಗೆ ಕಾಲು ಹೋಗಲಿಲ್ಲ. ಬಿಸಿಲಿಗೆ ಊದಿರಬೇಕೆಂದು ಚಪ್ಪಲಿ ಹಾಕಿಕೊಂಡು ಹೋದೆ. ಮುಖವೂ ಊದಿತ್ತು. ಅತ್ತೆ ನೋಡಿ, "ಈಗ್ ನೋಡು, ಒಂಚೂರು ಮೈ ಕೈ ತುಂಬ್ಕೊಂಡು ಲಕ್ಷಣವಾಗಿದೀಯ," ಎಂದು ಖುಷಿಪಟ್ಟಿದ್ದರು. ಮೈದಾನದ ಅರ್ಧ ಸುತ್ತು ಓಡುವಷ್ಟರಲ್ಲಿ ಉಸಿರು ಹಿಡಿದುಕೊಂಡಿತು. ಮಕ್ಕಳ ಮುಂದೆ ಪಿ.ಟಿ. ಟೀಚರ್ ಬಗ್ಗಿ ಮೊಣಕಾಲು ಹಿಡಿದು ನಿಲ್ಲುವುದು ನನಗೆ ಮಹಾ ಅವಮಾನವೆನಿಸಿತು. ಆ ಹೊತ್ತು ನೋವಿಗಿಂತ ಆ ಅವಮಾನವೇ ದೊಡ್ಡದಿತ್ತು.

ಶಿವಮೊಗ್ಗದ ದೊಡ್ಡಾಸ್ಪತ್ರೆಯಲ್ಲಿ ಕಾದ ಆ ಮಧ್ಯಾಹ್ನ ನೆನಪಿದೆ. ಸಾಲು ಕುರ್ಚಿ, ಟೋಕನ್ ಕೂಗುವ ಹುಡುಗಿ, ಎಲ್ಲರ ಮಡಿಲಲ್ಲೂ ಎಕ್ಸರೇ ಹಾಕಿದ ದೊಡ್ಡ ಕವರು. ನಮ್ಮ ಮನೆಯವರು ಗೋಡೆಗೆ ನೇತುಹಾಕಿದ್ದ ಬೆಂಕಿ ಆರಿಸುವ ಸಿಲಿಂಡರಿನ ಮೇಲಿನ ಸೂಚನೆಗಳನ್ನು ಓದುತ್ತಾ ನಿಂತಿದ್ದರು. ಓದಿ ಮುಗಿಸಿ ಮತ್ತೆ ಮೊದಲಿನಿಂದ ಓದಿದರು. ಡಾಕ್ಟರು ನನ್ನ ಹಳೆಯ ವಿದ್ಯಾರ್ಥಿಯಾಗಿರಬಹುದಾದಷ್ಟು ಚಿಕ್ಕವರು.

"ಅಮ್ಮಾ, ಎರಡೂ ಕಿಡ್ನಿ ಚಿಕ್ಕದಾಗ್ಬಿಟ್ಟಿವೆ. ಬಿ.ಪಿ. ಬಹಳ ದಿನದಿಂದ ಇದ್ದಿರ್ಬೇಕು, ನಿಮಗೆ ಗೊತ್ತಾಗಿಲ್ಲ. ಡಯಾಲಿಸಿಸ್ ಶುರು ಮಾಡ್ಬೇಕು," ಎಂದರು.

ನಾನು ಕೇಳಿದ ಮೊದಲ ಪ್ರಶ್ನೆ: "ಕ್ರೀಡಾಕೂಟ ಮುಂದಿನ ತಿಂಗಳಿದೆ ಸಾರ್. ಅದು ಮುಗಿದ ಮೇಲೆ ಶುರು ಮಾಡಿದ್ರೆ ಆಗುತ್ತಾ?"

ಡಾಕ್ಟರು ನಮ್ಮ ಮನೆಯವರ ಮುಖ ನೋಡಿದರು. ಆಗ ನನಗೆ ಅರ್ಥವಾಯಿತು.

ವಾಪಸು ಬರುವ ಬಸ್ಸು ಭದ್ರಾವತಿ ದಾಟಿತು. ತರೀಕೆರೆಯನ್ನೂ ಬಿಟ್ಟ ಮೇಲೆ ನಮ್ಮ ಮನೆಯವರು ಕಿಟಕಿ ಕಡೆ ನೋಡುತ್ತಲೇ ಅಂದರು: "ಫಿಲ್ಟರ್ ಕಟ್ಕೊಂಡ್ರೆ ಇಂಜಿನ್ ಎಸೀತೀವಾ? ಹೊರಗಿಂದ ಇನ್ನೊಂದು ಫಿಲ್ಟರ್ ಕೊಟ್ಟು ಓಡಿಸ್ತಾರೆ. ಅಷ್ಟೇ ಕಣೇ." ಹೇಳಿ ಶರಟಿನ ತೋಳಿನಿಂದ ಮುಖ ಒರೆಸಿಕೊಂಡರು. ನನ್ನ ಕಾಯಿಲೆಯ ಬಗ್ಗೆ ಅಂದಿನಿಂದ ಇಂದಿನವರೆಗೆ ಯಾರೂ ಅದಕ್ಕಿಂತ ಚೆನ್ನಾಗಿ ಹೇಳಿಲ್ಲ.

ಅತ್ತೆ ಸುದ್ದಿ ಕೇಳಿ ಗೋಡೆಗೆ ಒರಗಿ ಕೂತರು. "ಯಾರ ಕಣ್ಣು ಬಿತ್ತೋ ನನ್ ಮನೆ ಮೇಲೆ," ಎಂದು ಅತ್ತು, ಎದ್ದು ಮುಖ ತೊಳೆದು, ಅಂದಿನಿಂದಲೇ ಉಪವಾಸ ಪ್ರಾರ್ಥನೆ ಶುರು ಮಾಡಿದರು. ಅವರಿಗೆ ಗೊತ್ತಿದ್ದ ಔಷಧಿ ಅದೊಂದೇ.

ಡಯಾಲಿಸಿಸ್‌ಗೆ ಜಾಗ ಖಾಲಿ ಸಿಕ್ಕಿದ್ದು ತರೀಕೆರೆಯಲ್ಲಿ. ಅದಕ್ಕೂ ಮುಂಚೆ ಎಡಗೈಯಲ್ಲಿ ಒಂದು ಸಣ್ಣ ಆಪರೇಷನ್ ಮಾಡಿ, ಸೂಜಿ ಹಾಕಲು ಅನುಕೂಲವಾಗುವಂತೆ ರಕ್ತನಾಳಗಳನ್ನು ಜೋಡಿಸಿದರು. ಅಲ್ಲಿ ಬೆರಳಿಟ್ಟರೆ ಈಗಲೂ ಜೇನುಗೂಡಿನ ಹಾಗೆ ಗುಂಯ್‌ಗುಡುತ್ತದೆ. ಮೊದಲ ದಿನ ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ನನ್ನ ಪಕ್ಕ ಒಬ್ಬ ಹೆಂಗಸು ಕೂತಿದ್ದಳು. ತಲೆ ಮೇಲೆ ಹಸಿರು ದುಪಟ್ಟಾ, ಕಾಲ ಬಳಿ ಕಂಬಳಿಯ ಗಂಟು. ಹೆಸರು ಜಬೀನಾ, ಅದೇ ಊರಿನವಳು. ತಲೆತಲಾಂತರದಿಂದ ಅಲ್ಲೇ ಇರುವ ಮನೆತನ. ಮದುವೆ ಮನೆಗಳಿಗೆ ಬಿರಿಯಾನಿ ಮಾಡಿಕೊಡುತ್ತಿದ್ದವಳು. ಕಾಯಿಲೆ ಬಂದ ಮೇಲೆ ಉಪ್ಪು ನೋಡುವ ಹಾಗಿಲ್ಲ ಎಂದು ತಂಗಿಗೆ ಕೆಲಸ ಬಿಟ್ಟುಕೊಟ್ಟಿದ್ದಳು.

"ಹೊಸಬ್ರಾ?" ಎಂದಳು.

"ಹ್ಞೂಂ."

"ಹೆದ್ರಬೇಡಿ ಅಂತ ಎಲ್ರೂ ಹೇಳ್ತಾರೆ. ನಾನ್ ಹೇಳಲ್ಲ. ಮೊದ್ಲು ನಾಕ್ ಸಲ ಚೆನ್ನಾಗ್ ಹೆದರ್ಕೊಳ್ಳಿ. ಆಮೇಲ್ ಬೇಜಾರಾಗಕ್ ಶುರುವಾಯ್ತದೆ. ಬೇಜಾರಾದ್ರೆ ಗೆದ್ದಂಗೆ."

ಅವಳು ಹೇಳಿದ ಹಾಗೆಯೇ ಆಯಿತು. ಮೊದಲು ಸೂಜಿಯ ಗಾತ್ರ ನೋಡಿ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಆಮೇಲೆ ಮಂಜುಳಾ ಸಿಸ್ಟರ್ ಸೂಜಿ ಹಾಕುವಾಗ ಅವರ ಮಗನ ಗಣಿತದ ಮಾರ್ಕ್ಸ್ ಬಗ್ಗೆ ಮಾತಾಡುವಷ್ಟಾಯಿತು. ಮಿಷನ್ ಓಡುವಾಗ ಮೈ ತಣ್ಣಗಾಗಿ ನಡುಕ ಬರುತ್ತದೆ. ಜಬೀನಾ ಯಾಕೆ ಕಂಬಳಿ ತರುತ್ತಾಳೆಂದು ಆಗ ತಿಳಿಯಿತು. ಮುಂದಿನ ಸಲ ಅವಳ ಗಂಟಿನಲ್ಲಿ ಎರಡು ಕಂಬಳಿ ಇದ್ದವು. ಒಂದನ್ನು ನನ್ನ ಮೇಲೆ ಎಸೆದು, "ಒಗ್ದು ಇಸ್ತ್ರಿ ಮಾಡಿ ವಾಪಸ್ ಕೊಡ್ಬೇಕು, ಟೀಚರ್," ಎಂದಳು. ಇನ್ನೂ ಕೊಟ್ಟಿಲ್ಲ.

ಸೂಜಿ, ನಡುಕ ಇವೆಲ್ಲ ಅಭ್ಯಾಸವಾದವು. ಅಭ್ಯಾಸವಾಗದೆ ಉಳಿದದ್ದು ಬಾಯಾರಿಕೆ. ಕಿಡ್ನಿ ನೀರನ್ನು ಹೊರಗೆ ಹಾಕದಿದ್ದರೆ ಕುಡಿದದ್ದೆಲ್ಲ ಒಳಗೇ ನಿಲ್ಲುತ್ತದೆ, ಎದೆಗೆ ಏರುತ್ತದೆ. ಹಾಗಾಗಿ ದಿನಕ್ಕೆ ಇಷ್ಟೇ ಎಂದು ಅಳತೆ. ಕಾಫಿ, ಸಾರು, ಮಜ್ಜಿಗೆ ಎಲ್ಲ ಆ ಅಳತೆಯೊಳಗೇ ಬರಬೇಕು. ಬಯಲುಸೀಮೆಯ ಬಿಸಿಲಲ್ಲಿ ಮೈದಾನದಲ್ಲಿ ನಿಲ್ಲುವವಳಿಗೆ ಇದು ಎಂಥ ಶಿಕ್ಷೆ ಎಂದು ಅನುಭವಿಸಿದವರಿಗೇ ಗೊತ್ತು. ಮಕ್ಕಳು ನಲ್ಲಿಗೆ ಬಾಯಿ ಕೊಟ್ಟು ಗಟಗಟ ಕುಡಿಯುವುದನ್ನು ನೋಡಲಾಗದೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದೆ. ಬಾಯಿ ಮುಕ್ಕಳಿಸಿ ಉಗುಳುವುದು, ಏಲಕ್ಕಿ ದವಡೆಗೆ ಇಟ್ಟುಕೊಳ್ಳುವುದು, ಇವೆಲ್ಲ ಜಬೀನಾ ಕಲಿಸಿದ ವಿದ್ಯೆ.

ಇನ್ನು ಭಾನುವಾರದ ಕಥೆ. ನಾನು ಹುಟ್ಟಿದ ಮನೆಯೂ ಸೇರಿದ ಮನೆಯೂ ಚರ್ಚಿನ ಮನೆಗಳೇ. ಪ್ರಾರ್ಥನೆ ನನಗೆ ಹೊಸದಲ್ಲ. ಆದರೆ ಕಾಯಿಲೆ ಬಂದ ಮೇಲೆ ಕಡೂರಿನ ನಮ್ಮ ಸಭೆಯಲ್ಲಿ ನಾನೇ ಒಂದು ಪ್ರಾರ್ಥನಾ ವಿಷಯವಾಗಿಬಿಟ್ಟೆ. ಆರಾಧನೆ ಮುಗಿದ ಕೂಡಲೇ ಹೆಂಗಸರು ಸುತ್ತುಗಟ್ಟುತ್ತಿದ್ದರು. ತಲೆಯ ಮೇಲೆ ಕೈಗಳ ಮೇಲೆ ಕೈ. ಯಾರದೋ ಬಳೆ ಕಿವಿಗೆ ಚುಚ್ಚುತ್ತಿತ್ತು. ಎಲ್ಲರೂ ಒಟ್ಟಿಗೆ, ಒಬ್ಬರಿಗಿಂತ ಒಬ್ಬರು ಜೋರಾಗಿ. ದೇವರಿಗೆ ಕಿವಿ ಮಂದವೇನೋ ಅನ್ನುವಂತೆ. ಅವರ ಕಣ್ಣೀರು ಸುಳ್ಳಲ್ಲ, ಅದು ನನಗೆ ಗೊತ್ತಿತ್ತು. ಆದರೆ ಆ ಗದ್ದಲದೊಳಗೆ ನನಗೆ ಉಸಿರು ಕಟ್ಟುತ್ತಿತ್ತು.

ಒಂದು ಭಾನುವಾರ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ಮುಚ್ಚಿಟ್ಟ ಪಾಪ ಏನಾದ್ರೂ ಇದೆಯಾ ಮಗಳೇ? ಇದ್ರೆ ಅರಿಕೆ ಮಾಡ್ಬಿಡು," ಎಂದರು.

"ಬೇಕಾದಷ್ಟಿವೆ. ಅವಕ್ಕೂ ಕಿಡ್ನಿಗೂ ಏನ್ ಸಂಬಂಧ? ಪಾಪಕ್ಕೆ ಕಿಡ್ನಿ ಹೋಗೋದಾದ್ರೆ ಈ ಊರಲ್ಲಿ ಯಾರ್ ಕಿಡ್ನಿ ಉಳೀತಿತ್ತು ಹೇಳಿ," ಎಂದೆ.

ಹಿಂದೆ ನಿಂತಿದ್ದ ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ಭಾನುವಾರ ನಾನು ಸಭೆಗೆ ಹೋಗುವುದು ನಿಲ್ಲಿಸಿದೆ. ದೇವರನ್ನು ಬಿಟ್ಟಿರಲಿಲ್ಲ. ಅವನ ಜೊತೆ ನನಗೆ ಒಂದಿಷ್ಟು ಲೆಕ್ಕಾಚಾರ ಬಾಕಿಯಿತ್ತು. ಆದರೆ ಅದನ್ನು ಅಷ್ಟು ಜನರ ಮುಂದೆ ತೀರಿಸಿಕೊಳ್ಳುವುದಕ್ಕೆ ಆಗುತ್ತಿರಲಿಲ್ಲ.

ತರೀಕೆರೆಯಲ್ಲಿ ನನ್ನ ಸರದಿ ಮಧ್ಯಾಹ್ನ. ಬಸ್ಸು ಬೇಗ ತಂದು ಬಿಡುತ್ತಿತ್ತು. ಒಂದು ಬುಧವಾರ ಆಸ್ಪತ್ರೆಯ ಬೆಂಚಿನ ಮೇಲೆ ಕೂರಲು ಮನಸ್ಸಾಗದೆ ಸುಮ್ಮನೆ ಬೀದಿಗಳಲ್ಲಿ ನಡೆದೆ. ಒಂದು ತಿರುವಿನಲ್ಲಿ ಹಳೆಯ ಚರ್ಚು ಕಾಣಿಸಿತು. ಗಾರೆ ಉದುರಿದ ದಪ್ಪ ಗೋಡೆ, ಹೆಂಚಿನ ಮಾಡು, ಅರ್ಧ ತೆರೆದ ಬಾಗಿಲು. ಒಳಗೆ ಒಬ್ಬಾಕೆ ಕಸ ಗುಡಿಸುತ್ತಿದ್ದರು.

"ಆರಾಧನೆ ಭಾನ್ವಾರ ಕಣಮ್ಮ. ಇವತ್ತೇನೂ ಇಲ್ಲ," ಎಂದರು.

"ಗೊತ್ತು. ಅದಕ್ಕೇ ಬಂದೆ," ಎಂದೆ.

ಆಕೆ ನನ್ನ ಕೈಗೆ ಸುತ್ತಿದ್ದ ಪಟ್ಟಿ ನೋಡಿ ಇನ್ನೇನೂ ಕೇಳದೆ ಪೊರಕೆ ಎತ್ತಿಕೊಂಡು ಹೊರಗೆ ಹೋದರು. ಎಲ್ಲರೂ ಅಷ್ಟು ಬೇಗ ಹೊರಗೆ ಹೋಗುವುದನ್ನು ಕಲಿತರೆ ರೋಗಿಗಳಿಗೆ ಎಷ್ಟೋ ಉಪಕಾರವಾಗುತ್ತದೆ.

ಒಳಗೆ ತಂಪಿತ್ತು. ಹಳೆಯ ಮರದ, ಮೇಣದ, ಪಾರಿವಾಳದ ವಾಸನೆ. ಬೆಂಚುಗಳ ಕೈಹಿಡಿಯ ಜಾಗ ತಲೆಮಾರುಗಳ ಬೆವರಿಗೆ ನುಣುಪಾಗಿತ್ತು. ಗೋಡೆಯಲ್ಲಿ ಒಂದು ಕಲ್ಲು: ಬ್ರಿಟಿಷರ ಕಾಲದಲ್ಲಿ ಯಾವುದೋ ದೊರೆಸಾನಿ ಜ್ವರದಲ್ಲಿ ತೀರಿಹೋದ ತನ್ನ ಕೂಸಿಗಾಗಿ ಹಾಕಿಸಿದ್ದು. ಆ ತಾಯಿಯೂ ಇದೇ ಬೆಂಚುಗಳಲ್ಲಿ ಕೂತು ಬೇಡಿಕೊಂಡಿರಬೇಕು. ಅವಳ ವಿಶ್ವಾಸ ಕಡಿಮೆಯಿತ್ತು ಎನ್ನುವ ಧೈರ್ಯ ಯಾರಿಗಿದೆ? ಕಲ್ಲಿನ ಮೇಲೆ ಕೈಯಿಟ್ಟೆ. ತಣ್ಣಗಿತ್ತು.

ಮೊದಲ ಬೆಂಚಿನಲ್ಲಿ ಕೂತು ಎದುರಿನ ಶಿಲುಬೆಗೆ ಗಟ್ಟಿಯಾಗಿಯೇ ಹೇಳಿದೆ: "ನೋಡು, ನಾನು ಬೇಡೋಕೆ ಬಂದಿಲ್ಲ. ಬೇಡೋರು ಕಡೂರಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನು ಕೂರೋಕೆ ಬಂದಿದೀನಿ. ನಿನಗೆ ಹೇಳೋದೇನಾದ್ರೂ ಇದ್ರೆ ಹೇಳು. ಇಲ್ದಿದ್ರೆ ನೀನೂ ಸುಮ್ನೆ ಕೂತ್ಕೋ."

ಉತ್ತರ ಬರಲಿಲ್ಲ. ಮಾಡಿನೊಳಗೆ ಪಾರಿವಾಳ ರೆಕ್ಕೆ ಬಡಿಯಿತು. ದೂರದಲ್ಲಿ ಬಸ್ಸಿನ ಹಾರನ್. ಆದರೆ ಮೈದಾನದಲ್ಲಿ ಬೆನ್ನ ಹಿಂದೆ ಒಂದು ಮಗು ಬಂದು ನಿಂತರೆ ನನಗೆ ತಿರುಗಿ ನೋಡದೆಯೇ ಗೊತ್ತಾಗುತ್ತದೆ. ಇಷ್ಟು ವರ್ಷದ ಅಭ್ಯಾಸ. ಆ ಬೆಳಿಗ್ಗೆ ಅಂಥದ್ದೇ ಅನುಭವವಾಯಿತು. ಯಾರೋ ಬಂದು ಇದ್ದಾರೆ. ಸಾಂತ್ವನ ಹೇಳುತ್ತಿಲ್ಲ, ಕೈಯಿಡುತ್ತಿಲ್ಲ, ಪಾಪ ಕೇಳುತ್ತಿಲ್ಲ. ಇದ್ದಾರೆ, ಅಷ್ಟೇ. ಕಾಯಿಲೆ ಗೊತ್ತಾದಾಗಿನಿಂದ ಅಳದಿದ್ದವಳು ಅಲ್ಲಿ ಅತ್ತುಬಿಟ್ಟೆ. ಅತ್ತು ಮುಗಿಸಿ, ಮೂಗು ಒರೆಸಿಕೊಂಡು, ಮಿಷನ್ನಿಗೆ ಹೋದೆ.

ನಾಲ್ಕಾರು ಸಲ ಹೀಗೆ ಹೋಗಿ ಬಂದ ಮೇಲೆ ಜಬೀನಾ ಕೇಳಿದಳು: "ಎಲ್ಲಿಗ್ ಹೋಗ್ತೀರಿ ಟೀಚರ್ ದಿನಾ? ಮುಖ ತೊಳ್ದಂಗ್ ಬತ್ತೀರಲ್ಲ."

ಹೇಳಿದೆ. ಅವಳು, "ನಾನ್ ಬರ್ಬೋದಾ?" ಎಂದಳು.

"ನಿನ್ನ ತಡೆಯೋಕೆ ಅದೇನ್ ನಮ್ಮಪ್ಪನ ಮನೆಯಾ?"

ಅವಳು ಚಪ್ಪಲಿ ಹೊರಗೆ ಬಿಟ್ಟು, ದುಪಟ್ಟಾ ಸರಿಮಾಡಿಕೊಂಡು, ಹಿಂದಿನ ಬೆಂಚಿನ ತುದಿಯಲ್ಲಿ ಕೂತಳು. ಬೆರಳುಗಳ ನಡುವೆ ಜಪದ ತಸ್ಬಿ ಸರ ಸರಿಯುವ ಸಣ್ಣ ಸದ್ದು ಮಾತ್ರ. ಅವಳು ಮನೆಯಲ್ಲಿ ದಖನಿ ಮಾತಾಡುವವಳು, ನಾನು ಕನ್ನಡ. ಅಲ್ಲಿ ಇಬ್ಬರಿಗೂ ಭಾಷೆ ಬೇಕಾಗಲಿಲ್ಲ. ಹೊರಗೆ ಬಂದ ಮೇಲೆ, "ನಿಮ್ ದೇವ್ರ ಮನೆ ಚೆನ್ನಾಗೈತೆ. ಫ್ಯಾನ್ ಒಂದ್ ಹಾಕ್ಸಿದ್ರೆ ಇನ್ನೂ ಚೆನ್ನಾಗಿರ್ತಿತ್ತು," ಎಂದಳು.

ಹೀಗೆ ಶುರುವಾಯಿತು ನಮ್ಮ ಸುತ್ತಾಟ, ಮಿಷನ್ ಇಲ್ಲದ ರಜಾದಿನಗಳಲ್ಲಿ. ಹಳೆಯ ಚರ್ಚು ಎಲ್ಲಿದೆ ಎಂದು ಕೇಳಿದರೆ ಯಾರಾದರೊಬ್ಬರು ಹೇಳುತ್ತಿದ್ದರು. ನಮಗೆ ತುಂಬಾ ಹಿಡಿಸಿದ್ದು ಅಜ್ಜಂಪುರದಿಂದ ಬುಕ್ಕಾಂಬುಧಿ ಕಡೆ ಹೋಗುವಾಗ ಸಿಗುವ ಒಂದು ಸಣ್ಣ ಹಳ್ಳಿಯದು. ಒಂದು ಕೋಣೆಯಷ್ಟೇ. ಕಲ್ಲಿನ ಗೋಡೆ, ಒಂದು ಬದಿ ಜಗ್ಗಿದ ಮಾಡು. ಆ ಹಳ್ಳಿಯಲ್ಲಿ ಈಗ ಒಂದು ಕ್ರೈಸ್ತ ಮನೆಯೂ ಇಲ್ಲ. ಹಾಗಾಗಿ ಭಾನುವಾರವೂ ಅಲ್ಲಿ ಆರಾಧನೆ ಇರುವುದಿಲ್ಲ. ಬೀಗದ ಕೈ ಇರುವುದು ಎದುರು ಮನೆಯ ರುದ್ರಮ್ಮ ಎಂಬ ರೈತ ಹೆಂಗಸಿನ ಹತ್ತಿರ. ಕುರಿ ಹಟ್ಟಿಯಿಂದ ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲು ತೆಗೆದರು. ಒಳಗೆ ಒಂದು ಕಸವಿಲ್ಲ.

"ನೀವೇ ಗುಡಿಸ್ತೀರಾ?" ಎಂದೆ.

"ವಾರಕ್ಕೊಂದ್ ಸಲ. ಕೊನೇಲಿದ್ದ ಅಜ್ಜಿ ಊರ್ ಬಿಡೋವಾಗ ನಮ್ಮತ್ತೆ ಕೈಗೆ ಬೀಗದ್ ಕೈ ಕೊಟ್ ಹೋದ್ಲು. ನಿಮಗ್ಯಾಕ್ ಬೇಕು ಅಂತ ನಮ್ಮೋರೇ ಬೈತಾರೆ. ಇಸ್ಕೊಂಡಿದೀವಲ್ಲ, ಆಯ್ತು. ದೇವ್ರ ಮನೇಲಿ ಧೂಳ್ ಬಿಡಕ್ಕಾಯ್ತದಾ?" ಎಂದರು. ನಮಗೆ ನೀರು ತಂದುಕೊಟ್ಟರು. ನಾವಿಬ್ಬರೂ ಒಂದೊಂದು ಗುಟುಕು ಕುಡಿದು ಚೊಂಬು ವಾಪಸು ಕೊಟ್ಟಾಗ, "ಯಾಕ್ರವ್ವಾ, ನಮ್ ನೀರು ಆಗಲ್ವಾ?" ಎಂದು ಮುಖ ಸಣ್ಣ ಮಾಡಿದರು. ಜಬೀನಾ ತೋಳು ತೋರಿಸಿ ಎಲ್ಲ ವಿವರಿಸಿದಳು. ರುದ್ರಮ್ಮ ಆ ಗುಂಯ್‌ಗುಡುವ ಜಾಗದ ಮೇಲೆ ಬೆರಳಿಟ್ಟು, ಬೆಚ್ಚಿ ತೆಗೆದು, ಮತ್ತೆ ಇಟ್ಟರು. "ಹರೀತಾ ಐತೆ ಬಿಡು. ಹರಿಯೋದು ನಿಂತಿಲ್ಲ," ಎಂದರು.

ಅಲ್ಲಿ ನೆಲದ ಮೇಲೆ ಕೂತರೆ ಕಿಟಕಿಯಿಂದ ಬಯಲಿನ ಗಾಳಿ ಬರುತ್ತಿತ್ತು. ಕೆಲವು ದಿನ ನಾನು ದೇವರ ಮೇಲೆ ಕೂಗಾಡಿದ್ದೇನೆ. ಕೆಲವು ದಿನ ನಿದ್ದೆ ಮಾಡಿದ್ದೇನೆ. ಒಂದು ದಿನ ಇದ್ದಕ್ಕಿದ್ದಂತೆ, ಹಿಂದಿನ ವಾರ ನಮ್ಮ ಹುಡುಗಿಯರು ಪಂದ್ಯ ಗೆದ್ದ ಸುದ್ದಿ ಹೇಳಿದೆ. ಹೇಳುತ್ತಿರುವಾಗಲೇ ನನಗೆ ಅರಿವಾಯಿತು, ಬೇಡುವುದಕ್ಕಲ್ಲದೆ, ಬೈಯುವುದಕ್ಕೂ ಅಲ್ಲದೆ, ಸುಮ್ಮನೆ ಸಂತೋಷಕ್ಕಾಗಿ ದೇವರ ಹತ್ತಿರ ಮಾತಾಡಿ ಎಷ್ಟು ಕಾಲವಾಗಿತ್ತು ಎಂದು. ನಾನು ಗುಣ ಕೇಳಲಿಲ್ಲ, ಅವನು ಕೊಡಲಿಲ್ಲ. ಆದರೆ ಆ ಮಧ್ಯಾಹ್ನ ನಾನು ರೋಗಿಯಾಗಿರಲಿಲ್ಲ.

ಮನೆಯಲ್ಲಿ ಇದಕ್ಕೆ ಬೇರೆಯೇ ಹೆಸರಿತ್ತು. "ಭಾನುವಾರ ಸಭೆ ಬಿಟ್ಟು ಸಾಬರ ಹೆಂಗಸಿನ ಜೊತೆ ಪಾಳು ಗೋಡೆ ನೋಡ್ಕೊಂಡ್ ಸುತ್ತುತಾಳೆ. ಹಿಂಗಿದ್ರೆ ದೇವರು ಹೆಂಗ್ ಕೇಳ್ತಾನೆ?" ಎಂದು ಅತ್ತೆ ತಮ್ಮ ಮಗನ ಮುಂದೆ ಅತ್ತರು. ಆ ದಿನಗಳಲ್ಲೇ ಕಡೂರಿನ ಒಂದು ಬಯಲಿನಲ್ಲಿ ಸ್ವಸ್ಥತಾ ಕೂಟ ಏರ್ಪಾಡಾಯಿತು. ಹೊರಗಿನಿಂದ ಒಬ್ಬ ಪ್ರಸಂಗಿ ಬರುತ್ತಾರೆ, ಕೈಯಿಟ್ಟರೆ ರೋಗ ಹೋಗುತ್ತದೆ ಎಂದು ಪ್ರಚಾರವಾಗಿತ್ತು. ಅತ್ತೆ ನನ್ನ ಎರಡೂ ಕೈ ಹಿಡಿದುಕೊಂಡರು. "ಒಂದೇ ಒಂದು ಸಲ ಬಾರೇ ಎಸ್ತರು. ನನಗೋಸ್ಕರ. ಇನ್ನೇನೂ ಕೇಳಲ್ಲ."  ಹೋದೆ.

ಅದೊಂದು ಮಂಗಳವಾರ ಸಂಜೆ. ಶಾಮಿಯಾನ, ದೊಡ್ಡ ದೊಡ್ಡ ಸ್ಪೀಕರು, ಸುತ್ತಲ ಹಳ್ಳಿಗಳಿಂದ ಬಂದ ಜನ. ಕೋಲು ಹಿಡಿದವರು, ಕೂಸು ಹೊತ್ತವರು. ಅವರನ್ನು ನೋಡಿ ನನಗೆ ನಗು ಬರಲಿಲ್ಲ. ಅಷ್ಟು ದೂರ ಅವರನ್ನು ಕರೆತಂದ ಆಸೆ ನನ್ನೊಳಗೂ ಇತ್ತು. ಅತ್ತೆ ಮೊದಲೇ ಹೆಸರು ಕೊಟ್ಟಿದ್ದರು. ನನ್ನನ್ನು ವೇದಿಕೆಗೆ ಕರೆದರು.

ಪ್ರಸಂಗಿ ಹಣೆಗೆ ಎಣ್ಣೆ ಹಚ್ಚಿ, ಕೂಗಿ, ಅಂಗೈಯಿಂದ ನೂಕಿದರು. ನನಗಿಂತ ಮುಂಚೆ ಹೋದವರೆಲ್ಲ ಹಿಂದಕ್ಕೆ ಬಿದ್ದಿದ್ದರು. ಹಿಡಿಯಲು ಇಬ್ಬರು ನಿಂತಿದ್ದರು. ನಾನು ಬೀಳಲಿಲ್ಲ. ಕಾಲು ಅಗಲಿಸಿ ಭಾರ ಹಂಚಿ ನಿಲ್ಲುವುದನ್ನು ಮಕ್ಕಳಿಗೆ ದಿನವೂ ಹೇಳಿಕೊಡುವವಳು ನಾನು. ಅವರು ಮತ್ತೆ ನೂಕಿದರು. ಮತ್ತೆ ನಿಂತೇ ಇದ್ದೆ. ಆಗ ಅವರು ನನ್ನ ಎಡಗೈ ಹಿಡಿದು ಮೇಲೆತ್ತಿ ಜನರಿಗೆ ತೋರಿಸಿದರು: "ಈ ಸಹೋದರಿ ಈ ಕ್ಷಣದಲ್ಲಿ ಬಿಡುಗಡೆ ಹೊಂದಿದ್ದಾಳೆ! ಈ ಕೈಗೆ ಇನ್ನು ಸೂಜಿ ಇಲ್ಲ! ನಾಳೆಯಿಂದ ಮಿಷನ್ನಿಗೆ ಹೋಗುವುದು ಅಪನಂಬಿಕೆ!"

ಬಯಲೆಲ್ಲ ಹಲ್ಲೆಲೂಯಾ ಎಂದಿತು. ಮುಂದಿನ ಸಾಲಿನಲ್ಲಿ ಅತ್ತೆ ಎರಡೂ ಕೈ ಮೇಲೆತ್ತಿ ಅಳುತ್ತಿದ್ದರು. ಅಂಥ ಸಂತೋಷವನ್ನು ಆ ಮುಖದಲ್ಲಿ ನಾನು ಎಂದೂ ನೋಡಿರಲಿಲ್ಲ. ಅದನ್ನು ನಾನೇ ಮುರಿಯಬೇಕಿತ್ತು. ಸುಮ್ಮನೆ ಕೆಳಗಿಳಿದು, ನಾಳೆ ಯಾರಿಗೂ ಹೇಳದೆ ಬಸ್ಸು ಹತ್ತಬಹುದಿತ್ತು. ಆದರೆ ಆ ಜನರ ನಡುವೆ ನನ್ನ ಹಾಗೆ ತೋಳಿಗೆ ಪಟ್ಟಿ ಸುತ್ತಿಕೊಂಡವರು ಇದ್ದರೆ? ಅವರೂ ಕೇಳಿಸಿಕೊಂಡಿದ್ದರಲ್ಲ?

ಮೈಕು ಕೊಡಿ ಎಂದೆ. ಸಾಕ್ಷಿ ಹೇಳುತ್ತಾಳೆಂದು ಕೊಟ್ಟರು.

"ನಾನು ಎಸ್ತರ್, ಪಿ.ಟಿ. ಟೀಚರ್. ನನಗೆ ದೇವರಿದ್ದಾನೆ, ಮಿಷನ್ನೂ ಇದೆ. ಎರಡೂ ಬೇಕು. ನಾಳೆ ಬುಧವಾರ, ನಾನು ತರೀಕೆರೆಗೆ ಹೋಗ್ತೀನಿ. ಇಲ್ಲಿ ಡಯಾಲಿಸಿಸ್ ಮಾಡಿಸ್ಕೊಳ್ಳೋರು ಯಾರಿದ್ರೂ ಬಿಡ್ಬೇಡಿ. ಬಿಟ್ರೆ ನೀರು ಎದೆಗೇರುತ್ತೆ. ಹೋಗಿ. ಪ್ರಾರ್ಥನೆ ಮಾಡ್ಕೊಂಡೇ ಹೋಗಿ."

ಯಾರೋ ಮೈಕಿನ ಕರೆಂಟು ತೆಗೆದರು. ನನಗೆ ಮೈಕು ಬೇಕಿರಲಿಲ್ಲ. ದೊಡ್ಡ ಮೈದಾನದ ಆಚೆ ತುದಿಗೆ ಕೇಳುವ ದನಿ ನನ್ನದು. "ಬಿಡ್ಬೇಡಿ!" ಎಂದು ಇನ್ನೊಮ್ಮೆ ಕೂಗಿ ಇಳಿದೆ. ಜನ ದಾರಿ ಬಿಟ್ಟರು. ಕೆಲವರು ಛೀ ಎಂದರು. ಹೊರಗೆ ನಮ್ಮ ಮನೆಯವರು ಬೈಕ್ ಸ್ಟಾರ್ಟ್ ಮಾಡಿಕೊಂಡೇ ನಿಂತಿದ್ದರು. "ಕೂತ್ಕೋ," ಎಂದರು. 

ಅತ್ತೆ ಅಂದಿನಿಂದ ನನ್ನ ಜೊತೆ ಮಾತು ಬಿಟ್ಟರು. ಅಡುಗೆ ಮಾಡುತ್ತಿದ್ದರು, ನನ್ನದನ್ನು ಉಪ್ಪಿಲ್ಲದೆ ಬೇರೆ ಇಡುತ್ತಿದ್ದರು, ಆದರೆ ಮಾತಿಲ್ಲ. ಸಭೆಯವರು ಬೀದಿಯಲ್ಲಿ ಕಂಡರೆ ಆಚೆ ಬದಿಗೆ ಹೋಗುತ್ತಿದ್ದರು. ಜಬೀನಾಳಿಗೆ ನಡೆದದ್ದನ್ನು ಹೇಳಿದೆ. ಅವಳು ಕುತ್ತಿಗೆಯಲ್ಲಿದ್ದ ತಾಯತ ಎತ್ತಿ ತೋರಿಸಿದಳು. "ಇದು ನಮ್ಮತ್ತೆ ಕಟ್ಟಿದ್ದು. ಕಟ್ಕೊಂಡೂ ಇದೀನಿ, ಮಿಷನ್ನಿಗೂ ಮಲಗ್ತೀನಿ. ಅಲ್ಲಾನೇನು ಇದು ಬೇಕಾ ಅದು ಬೇಕಾ ಅಂತ ಕೇಳ್ದನಾ? ನಕ್ಕೋ ಟೀಚರ್, ಅಳ್ಬೇಡಿ. ಅತ್ರೆ ಬಾಯಾರ್ತದೆ."

ಆ ಶನಿವಾರ ನಮ್ಮ ವಾರ್ಡಿಗೆ ಒಬ್ಬ ಗಂಡಸು ತನ್ನ ಹೆಂಡತಿಯನ್ನು ಹೆಚ್ಚುಕಡಿಮೆ ಹೊತ್ತುಕೊಂಡೇ ಬಂದರು. ದೇವನೂರು ಕಡೆಯವರು. ಹೆಂಡತಿಗೆ ಮುಖ ಊದಿತ್ತು, ಉಸಿರು ಎಳೆಯುತ್ತಿದ್ದಳು. ಕೂಟದ ಪ್ರಚಾರ ಕೇಳಿ ಕೂಟಕ್ಕೂ ಮುಂಚಿನಿಂದಲೇ ಡಯಾಲಿಸಿಸ್ ತಪ್ಪಿಸಿದ್ದಳಂತೆ. ಕೂಟ ಮುಗಿದ ಮೇಲೂ ಹೋಗುವುದಿಲ್ಲವೆಂದು ಹಟ ಹಿಡಿದಿದ್ದಳಂತೆ. ಮಂಜುಳಾ ಸಿಸ್ಟರ್ ನನ್ನ ಮುಖ ನೋಡಿದರು. ನಾನು ಮಂಚದಿಂದ ಇಳಿದೆ. ನನ್ನ ಸರದಿಯಲ್ಲಿ ಅವಳನ್ನು ಮಲಗಿಸಿದರು. ನಾನು ಸಂಜೆಯ ಸರದಿಯವರೆಗೆ ಹೊರಗೆ ಕಾದೆ. ಅವಳು ಉಳಿದಳು.

ವಾರ ಕಳೆದು ಅದೇ ಮನುಷ್ಯ ನಮ್ಮ ಮನೆ ಹುಡುಕಿಕೊಂಡು ಬಂದರು. ನಾನು ಶಾಲೆಯಲ್ಲಿದ್ದೆ. ಬಾಗಿಲು ತೆಗೆದದ್ದು ಅತ್ತೆ. ಒಂದು ಚೀಲ ಹುರುಳಿಕಾಳು ಕೈಗೆ ಕೊಟ್ಟು, "ಟೀಚರಮ್ಮ ಮೈಕಲ್ಲಿ ಕೂಗ್ದೇ ಇದ್ದಿದ್ರೆ ನನ್ ಹೆಂಡ್ರು ಇವತ್ ಇರ್ತಿರ್ಲಿಲ್ಲ ಕಣಮ್ಮ. ಅದನ್ನೇ ಹೇಳಿ ಹೇಳಿ ಎಳ್ಕೊಂಡ್ ಹೋದೆ," ಎಂದು ಹೇಳಿ ಹೋದರಂತೆ. ಇದನ್ನು ನನಗೆ ತಿಳಿಸಿದ್ದು ನಮ್ಮ ಮನೆಯವರು. ಅತ್ತೆ ಸಂಜೆ ಹುರುಳಿ ಆರಿಸುತ್ತಾ ಬಹಳ ಹೊತ್ತು ಕೂತಿದ್ದರು.

ಕೆಲವು ತಿಂಗಳು ಕಳೆದು ಶುಭ ಶುಕ್ರವಾರ ಹತ್ತಿರ ಬಂದಾಗ ಸಭೆಗೆ ಹೊಸದಾಗಿ ಬಂದಿದ್ದ ಚಿಕ್ಕ ವಯಸ್ಸಿನ ಪಾದ್ರಿ ಅಯ್ಯನವರು ಮನೆಗೆ ಬಂದರು. ಆ ದಿನ ಮಧ್ಯಾಹ್ನದ ಆರಾಧನೆಯಲ್ಲಿ ಶಿಲುಬೆಯ ಮೇಲಿಂದ ಯೇಸು ಆಡಿದ ಏಳು ಮಾತುಗಳ ಮೇಲೆ ಏಳು ಜನ ಮಾತಾಡುವುದು ನಮ್ಮಲ್ಲಿ ವಾಡಿಕೆ.

"ಐದನೇ ಮಾತು ನೀವು ತಗೋಬೇಕು ಟೀಚರ್," ಎಂದರು.

"ನಾನು ಭಾನುವಾರ ಬರೋದೇ ಇಲ್ಲವಲ್ಲ ಅಯ್ಯನವರೇ. ಜನ ಒಪ್ತಾರಾ?"

"ಕೆಲವರು ಒಪ್ಪಲ್ಲ. ನನಗೆ ಬೇರೆ ಯಾರೂ ಕಾಣ್ತಿಲ್ಲ."

ಐದನೇ ಮಾತು ಬಾಯಾರಿಕೆಯದು.

ಕೆಂಡದಂಥ ಬಿಸಿಲು ಆ ದಿನ. ಬುಧವಾರದ ಮಿಷನ್ ಮುಗಿದು ಎರಡು ದಿನವಾಗಿತ್ತು, ನಾಲಗೆ ಅಂಗುಳಿಗೆ ಅಂಟಿಕೊಂಡಿತ್ತು. ಪೀಠದ ಹತ್ತಿರ ನಿಂತು ಎದುರಿನ ಮುಖಗಳನ್ನು ನೋಡಿದೆ. ನನ್ನ ತಲೆಯ ಮೇಲೆ ಕೈಯಿಟ್ಟವರು, ಪಾಪ ಕೇಳಿದವರು, ಛೀ ಎಂದವರು, ಎಲ್ಲ ಅಲ್ಲಿದ್ದರು. ಬರೆದುಕೊಂಡು ಹೋಗಿರಲಿಲ್ಲ. ಹೇಳಿದ್ದು ಇಷ್ಟೇ:

"ಬಾಯಾರಿಕೆ ಅಂದ್ರೆ ಏನು ಅಂತ ನನಗೆ ಗೊತ್ತು. ಈಗ್ಲೂ ಆಗಿದೆ. ದೇವರ ಮಗನಿಗೂ ಆಯ್ತು, ಅವನು ಅದನ್ನ ಮುಚ್ಚಿಡಲಿಲ್ಲ, ಬಾಯಿಬಿಟ್ಟು ಹೇಳಿದ. ಅವನಿಗೆ ವಿಶ್ವಾಸ ಕಡಿಮೆ ಇತ್ತು ಅಂತ ನಾವ್ಯಾರೂ ಹೇಳಲ್ಲ. ಹಾಗಾದ್ರೆ ನಮ್ಮ ನಡುವೆ ಇರೋ ರೋಗಿಗೆ ಯಾಕೆ ಹೇಳ್ತೀವಿ? ಬಾಯಾರಿದೋರಿಗೆ ಉಪದೇಶ ಮಾಡ್ಬೇಡಿ. ಅವರ ಪಕ್ಕ ಸುಮ್ನೆ ಕೂತ್ಕೊಳ್ಳಿ. ಪಾಳುಬಿದ್ದ ಚರ್ಚುಗಳಲ್ಲಿ ದೇವರು ನನ್ನ ಪಕ್ಕ ಹಾಗೇ ಕೂತಿದ್ದ. ನಿಮ್ಮಿಂದಲೂ ಅದು ಆಗುತ್ತೆ."

ಯಾರೂ ಆಮೆನ್ ಎನ್ನಲಿಲ್ಲ. ಬಂದು ನನ್ನ ಜಾಗದಲ್ಲಿ ಕೂತೆ.  

ಆರಾಧನೆ ಮುಗಿದು ಹೊರಗೆ ಬೇವಿನ ಮರದಡಿ ಪಾನಕ ಹಂಚುತ್ತಿದ್ದರು. ಉಪವಾಸವಿದ್ದವರೆಲ್ಲ ಲೋಟ ಹಿಡಿದು ನಿಂತಿದ್ದರು. ನಾನು ಗೇಟಿನ ಕಡೆ ನಡೆಯುತ್ತಿದ್ದೆ. ಹಿಂದಿನಿಂದ ಯಾರೋ ಸೆರಗು ಹಿಡಿದು ನಿಲ್ಲಿಸಿದರು. ಅತ್ತೆ. ಕೈಯಲ್ಲಿ ತುಂಬಿದ ಲೋಟ.

"ಇವತ್ತು ಎಷ್ಟಾಗೈತೆ?" ಎಂದರು. ಅಷ್ಟು ತಿಂಗಳ ನಂತರ ಅವರು ನನಗೆ ಆಡಿದ ಮೊದಲ ಮಾತು.

"ಅರ್ಧ ಲೋಟ ಮಿಕ್ಕಿದೆ ಅತ್ತೆ."

ಅವರು ಲೋಟ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ನೋಡುತ್ತಾ ಪಾನಕ ಕುಡಿದರು. ಸರಿಯಾಗಿ ಅರ್ಧಕ್ಕೆ ನಿಲ್ಲಿಸಿ ನನ್ನ ಕೈಗೆ ಕೊಟ್ಟರು.

ಪಕ್ಕದಲ್ಲಿದ್ದ ಸಭೆಯ ಹೆಂಗಸೊಬ್ಬಳು, "ಅಯ್ಯೋ ಪಾಪ, ಇಂಥಾ ಬಿಸಿಲು, ಇನ್ನೊಂಚೂರು ಹಾಕಿ ಸಮಾಧಾನಮ್ಮ. ದೇವ್ರು ನೋಡ್ಕೋತಾನೆ," ಎಂದು ಜಗ್ಗು ಮುಂದೆ ತಂದಳು.

ಅತ್ತೆ ಅಂಗೈಯಿಂದ ಲೋಟದ ಬಾಯಿ ಮುಚ್ಚಿದರು. ಇಡೀ ಅಂಗಳಕ್ಕೆ ಕೇಳುವ ಹಾಗೆ ಹೇಳಿದರು:

"ಸಾಕು ಸುಮ್ನಿರೇ. ನಾಳೆ ಶನಿವಾರ, ಅವ್ಳಿಗೆ ಮಿಷನ್ ಐತೆ. ನಾನೂ ಹೋಗ್ತಾ ಇದೀನಿ."